ಮಿಸ್ಟೇಕೋ ಆಕ್ಸಿಡೆಂಟೋ: ತಪ್ಪಿಗೊಂದು ಸರಿಯಾದ ಹೆಸರು

ಇಬ್ಬರು ನೆರೆಯವರ ಎರಡು ಕತ್ತೆಗಳು ಒಂದೇ ಬಯಲಿನಲ್ಲಿ ಮೇಯುತ್ತಿವೆ. ಒಬ್ಬನಿಗೆ ತನ್ನ ಕತ್ತೆ ಬೇಡವಾಗಿದೆ. ಅದನ್ನು ಕೊಲ್ಲಬೇಕೆಂದು ಬಂದೂಕು ಹಿಡಿದು ಹೊರಡುತ್ತಾನೆ. ಗುರಿಯಿಟ್ಟು ಹೊಡೆಯುತ್ತಾನೆ, ಕತ್ತೆ ಬೀಳುತ್ತದೆ. ಹತ್ತಿರ ಹೋಗಿ ನೋಡಿದರೆ ಸತ್ತಿರುವುದು ನೆರೆಯವನ ಕತ್ತೆ! ಈಗ ಕತೆಯನ್ನು ಸ್ವಲ್ಪ ಬದಲಿಸೋಣ. ಅವನು ಗುರಿಯಿಟ್ಟದ್ದು ನಿಜವಾಗಿಯೂ ತನ್ನ ಕತ್ತೆಗೇ. ಆದರೆ ಗುಂಡು ಹಾರುವ ಹೊತ್ತಿಗೆ ಪ್ರಾಣಿಗಳು ಅತ್ತಿತ್ತ ಸರಿದು, ನೆರೆಯವನ ಕತ್ತೆ ಅಡ್ಡ ಬಂದು ಸಾಯುತ್ತದೆ. ಎರಡೂ ಸಲ ಅವನು ನೆರೆಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಎರಡೂ ಸಲ ಒಂದೇ ಮಾತು ಹೇಳಿದರೆ ಸಾಕೇ?

ಸಾಲದು ಎನ್ನುತ್ತಾನೆ ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಜೆ.ಎಲ್. ಆಸ್ಟಿನ್. ಮೊದಲನೆಯದು 'ಬೈ ಮಿಸ್ಟೇಕ್', ಎರಡನೆಯದು 'ಬೈ ಆಕ್ಸಿಡೆಂಟ್'. 1956ರಲ್ಲಿ ಅರಿಸ್ಟಾಟೇಲಿಯನ್ ಸೊಸೈಟಿಯ ಅಧ್ಯಕ್ಷನಾಗಿ ಅವನು ಮಾಡಿದ 'ಎ ಪ್ಲೀ ಫಾರ್ ಎಕ್ಸ್‌ಕ್ಯೂಸಸ್' ಎಂಬ ಭಾಷಣದ ಅಡಿಟಿಪ್ಪಣಿಯೊಂದರಲ್ಲಿ ಈ ಕತ್ತೆಗಳು ಬರುತ್ತವೆ. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಆ ಭಾಷಣದ ಉಳಿದ ವಾದವನ್ನು ಮರೆತರೂ ಕತ್ತೆಗಳನ್ನು ಮರೆಯುವುದಿಲ್ಲ. ಮೊದಲ ಪ್ರಸಂಗದಲ್ಲಿ ಅವನ ಕೈ ಸರಿಯಾಗಿಯೇ ಕೆಲಸ ಮಾಡಿತು, ತಪ್ಪಿದ್ದು ತಿಳಿವಳಿಕೆ. ಒಂದನ್ನು ಇನ್ನೊಂದೆಂದು ಭಾವಿಸಿದ. ಎರಡನೆಯದರಲ್ಲಿ ತಿಳಿವಳಿಕೆ ಸರಿಯಾಗಿತ್ತು. ಅವನು ಎಣಿಸಿದ್ದಕ್ಕೂ ನಡೆದದ್ದಕ್ಕೂ ನಡುವೆ ಲೋಕ ಅಡ್ಡ ಬಂತು.

ಇದನ್ನು ಕೇಳಿದವರು ಸಾಮಾನ್ಯವಾಗಿ ಎತ್ತುವ ಆಕ್ಷೇಪ ಒಂದೇ: ಇದು ಕೂದಲು ಸೀಳುವ ಕೆಲಸವಲ್ಲವೇ? ಕತ್ತೆಯಂತೂ ಸತ್ತಿದೆ. ಕಳೆದುಕೊಂಡವನಿಗೆ ನಿಮ್ಮ ಪದಕೋಶದಿಂದ ಏನಾಗಬೇಕಿದೆ? ಈ ಆಕ್ಷೇಪ ಹಗುರವಾದದ್ದಲ್ಲ. ಪದಗಳ ಸೂಕ್ಷ್ಮ ವ್ಯತ್ಯಾಸವನ್ನು ನೈತಿಕ ಪ್ರಶ್ನೆಯೆಂದು ಕರೆಯಬೇಕಾದರೆ ಮೊದಲು ಇದಕ್ಕೆ ಉತ್ತರ ಹೇಳಬೇಕು. ನನಗೆ ತೋರುವ ಉತ್ತರ ಇದು: ಈ ಪದಗಳು ಹೇಳುವುದು ತಪ್ಪು ಎಷ್ಟು ದೊಡ್ಡದು ಎಂಬುದನ್ನಲ್ಲ, ಅದು ಎಲ್ಲಿ ನಡೆಯಿತು ಎಂಬುದನ್ನು. ಎಲ್ಲಿ ನಡೆಯಿತೆಂದು ಗೊತ್ತಾಗದೆ, ಮುಂದೆ ಯಾವುದನ್ನು ಸರಿಪಡಿಸಬೇಕೆಂದು ಗೊತ್ತಾಗುವುದಿಲ್ಲ. ಮಿಸ್ಟೇಕ್ ಆಗಿದ್ದರೆ ನೆರೆಯವನು, 'ಇನ್ನು ಮೇಲೆ ಸರಿಯಾಗಿ ಗುರುತು ಹಿಡಿದು ಹೊಡೆ' ಎನ್ನಬಹುದು. ಆಕ್ಸಿಡೆಂಟ್ ಆಗಿದ್ದರೆ ಆ ಬುದ್ಧಿಮಾತು ವ್ಯರ್ಥ. ಅಲ್ಲಿ ಹೇಳಬೇಕಾದದ್ದು, 'ಪ್ರಾಣಿಗಳು ಒಟ್ಟಿಗೆ ಮೇಯುವ ಬಯಲಿನಲ್ಲಿ ಗುಂಡು ಹಾರಿಸಬೇಡ' ಎಂದು. ಸತ್ತ ಕತ್ತೆಗೆ ಇದರಿಂದ ಏನೂ ಆಗದು, ನಿಜ. ಆದರೆ ಆ ಬಯಲಿನಲ್ಲಿ ನಾಳೆಯೂ ಕತ್ತೆಗಳು ಮೇಯುತ್ತವೆ.

ಆಸ್ಟಿನ್ ಅದೇ ಭಾಷಣದಲ್ಲಿ ಎತ್ತಿಕೊಳ್ಳುವ ಇನ್ನೊಂದು ಉದಾಹರಣೆ ಕಲ್ಪನೆಯದಲ್ಲ, 1874ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆ. ಫಿನ್ನಿ ಎಂಬಾತ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರ ಪರಿಚಾರಕ. ರೋಗಿಯೊಬ್ಬನಿಗೆ ಸ್ನಾನ ಮಾಡಿಸಿ, ತೊಟ್ಟಿಯಿಂದ ಹೊರಗೆ ಬಾ ಎಂದು ಹೇಳಿದ. ಅಷ್ಟರಲ್ಲಿ ಇನ್ನೊಬ್ಬ ಪರಿಚಾರಕನ ಕಡೆ ಅವನ ಗಮನ ಹೋಯಿತು. ಅತ್ತ ನೋಡುತ್ತಲೇ ನಲ್ಲಿ ತಿರುಗಿಸಿದ. ತಿರುಗಿದ್ದು ಬಿಸಿನೀರಿನ ನಲ್ಲಿ. ರೋಗಿ ಇನ್ನೂ ತೊಟ್ಟಿಯಲ್ಲೇ ಇದ್ದ. ಸುಟ್ಟ ಗಾಯಗಳಿಂದ ಸತ್ತ. ನರಹತ್ಯೆಯ ಆರೋಪ ಹೊತ್ತ ಫಿನ್ನಿ ಕೊನೆಗೆ ಬಿಡುಗಡೆಯಾದ.

ಆ ವಿಚಾರಣೆಯಲ್ಲಿ ವಕೀಲರೂ ನ್ಯಾಯಾಧೀಶರೂ ಮಿಸ್ಟೇಕ್, ಆಕ್ಸಿಡೆಂಟ್, ಗಮನತಪ್ಪು, ಅಜಾಗರೂಕತೆ ಮುಂತಾದ ಪದಗಳನ್ನು ಒಂದರ ಬದಲು ಇನ್ನೊಂದನ್ನು ಇಟ್ಟರೂ ನಡೆಯುತ್ತದೆ ಎಂಬಂತೆ ಬಳಸಿದ್ದನ್ನು ಆಸ್ಟಿನ್ ಗಮನಿಸುತ್ತಾನೆ. ವಿಶೇಷವೆಂದರೆ, ಆಸ್ಟಿನ್ ಮೆಚ್ಚುವುದು ಆರೋಪಿಯ ಹೇಳಿಕೆಯನ್ನು. ಫಿನ್ನಿ ಕಲಿತವನಲ್ಲ, ಆದರೆ ಅವನ ಮಾತು ಖಚಿತ. ತಾನು ಮಿಸ್ಟೇಕ್ ಮಾಡಿದ್ದು ನಲ್ಲಿಯ ವಿಷಯದಲ್ಲಿ ಎಂದು ಆತ ಸ್ಪಷ್ಟವಾಗಿ ಹೇಳಿದ್ದ. ಇಡೀ ದುರಂತವನ್ನು ಒಂದು ಪದದೊಳಗೆ ತುರುಕಲಿಲ್ಲ.

ಒಂದು ಕ್ಷಣದ ಈ ಘಟನೆಯಲ್ಲಿ ಎಷ್ಟು ಬೇರೆ ಬೇರೆ ಎಳೆಗಳಿವೆ ನೋಡಿ. ತಣ್ಣೀರಿನ ನಲ್ಲಿಯೆಂದು ಬಿಸಿನೀರಿನ ನಲ್ಲಿ ಹಿಡಿದದ್ದು ಮಿಸ್ಟೇಕ್. ಮಾತಿನ ಕಡೆ ತಿರುಗಿ ಕೈಯ ಕೆಲಸದ ಮೇಲೆ ನಿಗಾ ಇಲ್ಲದೆ ಹೋದದ್ದು ಗಮನತಪ್ಪು. ರೋಗಿ ಹೊರಗೆ ಬಂದಿರುತ್ತಾನೆ ಎಂದು ತಿರುಗಿ ನೋಡದೆ ಎಣಿಸಿದ್ದು ಅಜಾಗರೂಕತೆ ಇರಬಹುದು. ಒಂದೊಂದು ಹೆಸರಿನ ಹಿಂದೆ ಒಂದೊಂದು ಪರಿಹಾರವಿದೆ. ಮೊದಲನೆಯದಕ್ಕೆ ನಲ್ಲಿಗಳಿಗೆ ಗುರುತು ಹಚ್ಚಬೇಕು. ಎರಡನೆಯದಕ್ಕೆ ಸ್ನಾನ ಮಾಡಿಸುವವನನ್ನು ನಡುವೆ ಮಾತನಾಡಿಸಬಾರದೆಂಬ ನಿಯಮ ಬೇಕು. ಮೂರನೆಯದಕ್ಕೆ ಕಣ್ಣಾರೆ ನೋಡದೆ ನಲ್ಲಿ ಮುಟ್ಟಬಾರದೆಂಬ ಕಟ್ಟಳೆ ಬೇಕು. 'ಆಕ್ಸಿಡೆಂಟ್ ಆಯಿತು' ಎಂದು ಕೈತೊಳೆದುಕೊಂಡಿದ್ದರೆ ಈ ಮೂರರಲ್ಲಿ ಒಂದೂ ಕಾಣುತ್ತಿರಲಿಲ್ಲ. 'ಫಿನ್ನಿ ಕೊಲೆಗಾರ' ಎಂದು ಕಿರುಚಿದ್ದರೂ ಕಾಣುತ್ತಿರಲಿಲ್ಲ.

ಮಿಸ್ಟೇಕ್ ಮತ್ತು ಆಕ್ಸಿಡೆಂಟ್ ಎರಡೂ ಈಗ ಕನ್ನಡದ ಪದಗಳೇ. ಆದರೆ ನಾವು ಪದಗಳನ್ನು ತಂದುಕೊಂಡೆವು, ಜೋಡಿಯನ್ನು ತರಲಿಲ್ಲ. ಕೈ ತಾಗಿ ಲೋಟ ಉರುಳಿದರೂ 'ಬೈ ಮಿಸ್ಟೇಕ್', ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದರೂ 'ಬೈ ಮಿಸ್ಟೇಕ್', ಬಸ್ಸಿನಲ್ಲಿ ಕಾಲು ತುಳಿದರೂ 'ಬೈ ಮಿಸ್ಟೇಕ್'. ಆಸ್ಟಿನ್ನನ ಲೆಕ್ಕದಲ್ಲಿ ನಡುವಿನದು ಮಾತ್ರ ಮಿಸ್ಟೇಕ್. ಆಕ್ಸಿಡೆಂಟ್ ಎಂಬ ಪದವನ್ನಾದರೋ ನಾವು ರಸ್ತೆಗೆಂದೇ ಮೀಸಲಿಟ್ಟಿದ್ದೇವೆ. 'ಅವನಿಗೆ ಆಕ್ಸಿಡೆಂಟ್ ಆಯ್ತಂತೆ' ಎಂದರೆ ವಾಹನ ಯಾವುದು ಎಂದು ಕೇಳುತ್ತೇವೆಯೇ ಹೊರತು ಏನಾಯಿತು ಎಂದಲ್ಲ.

ಇದರಿಂದ ಕನ್ನಡ ಬಡ ಭಾಷೆ ಎಂದು ಯಾರೂ ಭಾವಿಸಬೇಕಿಲ್ಲ. ತಪ್ಪು ಎಲ್ಲಿ ನಡೆಯಿತು ಎಂದು ಹೇಳುವುದರಲ್ಲಿ ನಮ್ಮ ಹಳೆಯ ಮಾತುಗಳು ಇಂಗ್ಲಿಷಿನಷ್ಟೇ ನಿಖರ. ಕೈತಪ್ಪಿ ಬಿತ್ತು, ಬಾಯಿತಪ್ಪಿ ಬಂತು, ಕಣ್ತಪ್ಪಿನಿಂದ ಉಳಿಯಿತು, ಕಾಲು ಜಾರಿತು, ಲೆಕ್ಕ ತಪ್ಪಿತು. ಯಾವ ಅಂಗ, ಯಾವ ಕೆಲಸ ಕೈಕೊಟ್ಟಿತು ಎಂದು ಕನ್ನಡ ಹೆಸರಿಸಿಯೇ ಹೇಳುತ್ತದೆ. 'ಕಣ್ತಪ್ಪು' ಎಂದವನು ನೋಡುವ ಕೆಲಸ ತನ್ನದಾಗಿತ್ತು ಎಂದು ಒಪ್ಪಿಕೊಂಡ ಹಾಗೆ. 'ಕೈತಪ್ಪಿ' ಎಂದವನು ಹಿಡಿತ ತನ್ನದಾಗಿತ್ತು ಎಂದು ಒಪ್ಪಿಕೊಂಡ ಹಾಗೆ. 'ಬೈ ಮಿಸ್ಟೇಕ್' ಎಂಬ ಎರವಲು ಬಂದು ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬಿತು.

'ತಪ್ಪು' ಎಂಬ ಮೂಲಪದವೂ ಕುತೂಹಲದ್ದು. ಬಸ್ಸು ತಪ್ಪುತ್ತದೆ, ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ಮನುಷ್ಯ ಮಾತಿಗೆ ತಪ್ಪುತ್ತಾನೆ. ಲೆಕ್ಕದ ತಪ್ಪಿಗೂ ನಡತೆಯ ತಪ್ಪಿಗೂ ಒಂದೇ ಪದ. ಕ್ಷಮೆ ಕೇಳುವಾಗಲೂ ಅದೇ: 'ತಪ್ಪಾಯ್ತು'. ಆದರೆ 'ತಪ್ಪಾಯ್ತು' ಮತ್ತು 'ತಪ್ಪು ಮಾಡಿದೆ' ಎಂಬ ಎರಡು ಮಾತುಗಳ ನಡುವೆ ಒಂದು ದೊಡ್ಡ ಕಂದರವಿದೆ. ಮೊದಲನೆಯದರಲ್ಲಿ ಕರ್ತೃ ಇಲ್ಲ, ತಪ್ಪು ಮಳೆಯಂತೆ ತಾನೇ ಬಂದುಹೋಯಿತು. 'ಲೋಟ ಒಡೆದೆ' ಎನ್ನುವ ಜಾಗದಲ್ಲಿ 'ಲೋಟ ಒಡೆದುಹೋಯಿತು' ಎನ್ನುವುದಕ್ಕೆ ಮಕ್ಕಳಿಗೆ ಯಾರೂ ವ್ಯಾಕರಣ ಕಲಿಸಬೇಕಾಗಿಲ್ಲ. ನೆಪಗಳ ತತ್ತ್ವಶಾಸ್ತ್ರ ಕ್ರಿಯಾಪದದಲ್ಲೇ ಅಡಗಿದೆ.

'ನೆಪ' ಎಂದಾಗ ಇನ್ನೊಂದು ಜೋಡಿ ನೆನಪಾಗುತ್ತದೆ. ಆಸ್ಟಿನ್ ತನ್ನ ವಾದವನ್ನು ಕಟ್ಟುವುದೇ ಆ ಜೋಡಿಯ ಮೇಲೆ: ಎಕ್ಸ್‌ಕ್ಯೂಸ್ ಮತ್ತು ಜಸ್ಟಿಫಿಕೇಶನ್. 'ನಾನು ಮಾಡಿದೆ, ಆದರೆ ಮಾಡಿದ್ದು ಸರಿ' ಎನ್ನುವುದು ಜಸ್ಟಿಫಿಕೇಶನ್. 'ನಡೆದದ್ದು ಕೆಟ್ಟದ್ದೇ, ಆದರೆ ನಾನು ಮಾಡಿದೆ ಎಂದು ಅಷ್ಟು ಸರಳವಾಗಿ ಹೇಳಲಾಗದು' ಎನ್ನುವುದು ಎಕ್ಸ್‌ಕ್ಯೂಸ್. ಮೊದಲನೆಯದಕ್ಕೆ ಕನ್ನಡದಲ್ಲಿ 'ಸಮರ್ಥನೆ' ಇದೆ. ಎರಡನೆಯದಕ್ಕೆ? ನೆಪ, ಸಬೂಬು, ಕುಂಟುನೆಪ. ಇವೆಲ್ಲವೂ ಸುಳ್ಳಿನ ವಾಸನೆ ಹೊತ್ತ ಪದಗಳು. ಇಂಗ್ಲಿಷಿನಲ್ಲಿ ಎಕ್ಸ್‌ಕ್ಯೂಸ್ ಸುಳ್ಳೂ ಇರಬಹುದು, ನಿಜವೂ ಇರಬಹುದು. ಕನ್ನಡದಲ್ಲಿ 'ನಿಜವಾದ ನೆಪ' ಎಂದರೆ ನಗು ಬರುತ್ತದೆ. ಬಹುಶಃ ಅದಕ್ಕೇ ನಾವು ಸಿಕ್ಕಿಬಿದ್ದಾಗ ನಿಜವಾದ ಕಾರಣ ಇದ್ದರೂ ಅದನ್ನು ಹೇಳಲು ಹಿಂಜರಿದು, ನೇರವಾಗಿ ಸಮರ್ಥನೆಗೆ ಜಿಗಿಯುತ್ತೇವೆ. 'ಆಯಾಸದಲ್ಲಿದ್ದೆ, ಗಮನ ತಪ್ಪಿತು' ಎನ್ನುವ ಬದಲು 'ನಾನು ಮಾಡಿದ್ದರಲ್ಲಿ ತಪ್ಪೇನಿದೆ?' ಎನ್ನುತ್ತೇವೆ. ಮೊದಲನೆಯ ಮಾತಿನಲ್ಲಿ ನಡೆದದ್ದು ಕೆಟ್ಟದ್ದು ಎಂಬ ಒಪ್ಪಿಗೆಯಾದರೂ ಇತ್ತು.

ಇಲ್ಲಿಯವರೆಗೆ ನಾನು ಸೂಕ್ಷ್ಮ ಪದಗಳ ಪರವಾಗಿಯೇ ಮಾತಾಡಿದೆ. ಅವುಗಳ ಇನ್ನೊಂದು ಮುಖವನ್ನೂ ನೋಡಬೇಕು. ಆಸ್ಟಿನ್ 1960ರಲ್ಲಿ ತೀರಿಕೊಂಡ ಮೇಲೆ, 1966ರಲ್ಲಿ ಪ್ರಕಟವಾದ 'ತ್ರೀ ವೇಸ್ ಆಫ್ ಸ್ಪಿಲ್ಲಿಂಗ್ ಇಂಕ್' ಎಂಬ ಲೇಖನದಲ್ಲಿ ಒಂದು ಉದಾಹರಣೆ ಬರುತ್ತದೆ. ನಡೆಯುವ ಜಾಗ ಭಾರತ. ಗಲಭೆ ಹತ್ತಿಕ್ಕಲು ತುರ್ತಾಗಿ ಹೊರಟ ಬ್ರಿಟಿಷ್ ಅಧಿಕಾರಿ. ದಾರಿಗೆ ಅಡ್ಡವಾಗಿ ಅವನ ಅಡುಗೆಯವನ ಮಗುವಿನ ಹೊಸ ಆಟದ ಗಾಡಿ ನಿಂತಿದೆ. ಇಳಿದು ಅದನ್ನು ಸರಿಸಬಹುದೆಂದು ಅವನಿಗೆ ಗೊತ್ತು. ಆದರೂ ಸಮಯವಿಲ್ಲವೆಂದು ಅದರ ಮೇಲೆಯೇ ವಾಹನ ಹರಿಸಿಕೊಂಡು ಹೋಗುತ್ತಾನೆ. ಇದು 'ಇಂಟೆನ್ಷನಲ್' ಹೌದು, ಆದರೆ 'ಡೆಲಿಬರೇಟ್' ಅಲ್ಲ ಎನ್ನುತ್ತಾನೆ ಆಸ್ಟಿನ್. ಅರಿತೇ ಮಾಡಿದ್ದು, ಆದರೆ ಕೂತು ತೂಗಿ ನಿರ್ಧರಿಸಿ ಮಾಡಿದ್ದಲ್ಲ.

ವ್ಯತ್ಯಾಸ ನಿಜವೇ. ಆದರೆ ಇದನ್ನು ಭಾರತದಲ್ಲಿ ಕೂತು ಓದುವವರಿಗೆ ಬೇರೊಂದು ಪ್ರಶ್ನೆ ಏಳುತ್ತದೆ. ಆ ಮಗುವಿಗೆ ಈ ವ್ಯತ್ಯಾಸವನ್ನು ಯಾರು ವಿವರಿಸುತ್ತಾರೆ? ಇಡೀ ವಿಶ್ಲೇಷಣೆ ಸ್ಟಿಯರಿಂಗ್ ಹಿಡಿದವನ ತಲೆಯೊಳಗೆ ನಡೆಯುತ್ತದೆ. ಗಾಡಿ ಕಳೆದುಕೊಂಡ ಮಗು ಉದಾಹರಣೆಯ ಅಂಚಿನಲ್ಲೇ ಉಳಿಯುತ್ತದೆ. ಅದೂ ಅಲ್ಲದೆ, ತೂಗಿ ನೋಡುವಷ್ಟು ತೂಕವೇ ಆ ವಸ್ತುವಿಗಿಲ್ಲ ಎಂದು ಅವನಿಗೆ ಅನಿಸಿದ್ದರಿಂದಲೇ ಅದು 'ಡೆಲಿಬರೇಟ್' ಆಗಲಿಲ್ಲ. ಆ ಗಾಡಿ ಅಡುಗೆಯವನ ಮಗುವಿನದಾಗಿರದೆ ಮೇಲಧಿಕಾರಿಯ ಮಗುವಿನದಾಗಿದ್ದರೆ ಅವನು ಒಂದು ಕ್ಷಣ ಯೋಚಿಸುತ್ತಿರಲಿಲ್ಲವೇ? ಹಾಗಾದರೆ ಯೋಚಿಸದೆ ಮಾಡಿದೆ ಎಂಬುದು ಹೊರೆಯನ್ನು ಇಳಿಸುತ್ತದೆಯೋ ಏರಿಸುತ್ತದೆಯೋ?

ಅಧಿಕಾರ ಇರುವವರ ಬಾಯಲ್ಲಿ ಸೂಕ್ಷ್ಮ ಪದ ಹೇಗೆ ತಪ್ಪಿಸಿಕೊಳ್ಳುವ ಬಾಗಿಲಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಇನ್ನೂ ಗಂಭೀರವಾದ ಸಾಕ್ಷಿಗಳಿವೆ. ಜಲಿಯನ್‌ವಾಲಾಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಿದ 2019ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ತೆರೇಸಾ ಮೇ ತಮ್ಮ ಸಂಸತ್ತಿನಲ್ಲಿ 'ರಿಗ್ರೆಟ್' ವ್ಯಕ್ತಪಡಿಸಿದರು. 'ಅಪಾಲಜಿ' ಎಂಬ ಪದ ಬರಲಿಲ್ಲ. ಒಂದು ವಿಷಾದ, ಇನ್ನೊಂದು ಕ್ಷಮಾಪಣೆ. ವಿಷಾದ ಯಾರು ಬೇಕಾದರೂ ಪಡಬಹುದು, ದೂರದಲ್ಲಿ ನಿಂತು ನೋಡಿದವರೂ ಪಡಬಹುದು. ಕ್ಷಮೆಯನ್ನು ಮಾಡಿದವರೇ ಕೇಳಬೇಕು. ನಮ್ಮ ಪತ್ರಿಕೆಗಳಲ್ಲಿ ವಾರಕ್ಕೊಮ್ಮೆಯಾದರೂ ಕಾಣುವ 'ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ' ಎಂಬ ರಾಜಕಾರಣಿಗಳ ಹೇಳಿಕೆಯೂ ಇದೇ ಜಾತಿಯದು. ಆ 'ರೆ' ಪ್ರತ್ಯಯ ಮಾಡುವ ಕೆಲಸವನ್ನು ಯಾವ ವಕೀಲನೂ ಮಾಡಲಾರ.

ಹಾಗಾದರೆ ಸೂಕ್ಷ್ಮತೆಯನ್ನೇ ಬಿಟ್ಟುಬಿಡಬೇಕೇ? ಬೇಡ. ಪದ ಸೂಕ್ಷ್ಮವಾಗಿದ್ದುದು ಇಲ್ಲಿ ದೋಷವಲ್ಲ, ಬೇರೆ ಪದಕ್ಕೆ ಸೇರಬೇಕಾದ ಜಾಗದಲ್ಲಿ ಅದನ್ನು ಕೂರಿಸಿದ್ದು ದೋಷ. ಅದನ್ನು ಹಿಡಿಯಲು ನಮಗೂ ಆ ವ್ಯತ್ಯಾಸ ಗೊತ್ತಿರಬೇಕು. ವಿಷಾದಕ್ಕೂ ಕ್ಷಮೆಗೂ ಅಂತರ ತಿಳಿಯದವರು 'ಹೇಳಿದರಲ್ಲ, ಬಿಡಿ' ಎಂದು ಸುಮ್ಮನಾಗುತ್ತಾರೆ. ತಿಳಿದವರು ಮತ್ತೆ ಕೇಳುತ್ತಾರೆ.

ಇದು ದಿನವೂ ನಮ್ಮ ಮುಂದೆ ಬರುವ ಜಾಗ ರಸ್ತೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದೇ ವರದಿ ಈ ಸಾವುಗಳಲ್ಲಿ ಸುಮಾರು ಶೇ. 70ರಷ್ಟಕ್ಕೆ ಅತಿವೇಗವನ್ನು ಕಾರಣವಾಗಿ ತೋರಿಸುತ್ತದೆ. ಆದರೂ ಇವೆಲ್ಲಕ್ಕೂ ನಮ್ಮಲ್ಲಿರುವ ಹೆಸರು ಒಂದೇ: ಆಕ್ಸಿಡೆಂಟ್, ಅಪಘಾತ. ಈ ಪದದ ಮೇಲೆ ಜಗಳ ಹೊರಗಡೆಯೂ ನಡೆದಿದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲಿ ತನ್ನ ಪುಟಗಳಿಂದ 'ಆಕ್ಸಿಡೆಂಟ್' ಪದವನ್ನು ಕೈಬಿಡುವುದಾಗಿ ಘೋಷಿಸಿತು. ಆ ಪದ 'ಇದನ್ನು ತಡೆಯಲಾಗುತ್ತಿರಲಿಲ್ಲ' ಎಂಬ ಭಾವನೆ ಹುಟ್ಟಿಸುತ್ತದೆ, ಬಹುತೇಕ ಗಾಯಗಳನ್ನಾದರೋ ತಡೆಯಬಹುದು ಎಂಬುದು ಅದರ ವಾದವಾಗಿತ್ತು.

ನಮ್ಮ ಕಾನೂನು ಈ ವಿಷಯದಲ್ಲಿ ನಮ್ಮ ಆಡುಮಾತಿಗಿಂತ ಎಚ್ಚರದ್ದು. 1860ರ ಭಾರತೀಯ ದಂಡ ಸಂಹಿತೆಯ 79 ಮತ್ತು 80ನೇ ಕಲಮುಗಳನ್ನು, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 17 ಮತ್ತು 18ನೇ ಕಲಮುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಆಸ್ಟಿನ್ನನ ಕತ್ತೆಗಳು ಅಲ್ಲಿ ಆಗಲೇ ನಿಂತಿವೆ. ಮೊದಲ ಕಲಮಿನ ದೃಷ್ಟಾಂತದಲ್ಲಿ ಒಬ್ಬ ಕೊಲೆ ಮಾಡುತ್ತಿದ್ದಾನೆಂದು ಭಾವಿಸಿ ಇನ್ನೊಬ್ಬ ಅವನನ್ನು ಹಿಡಿಯುತ್ತಾನೆ, ಆದರೆ ಅವನು ಆತ್ಮರಕ್ಷಣೆ ಮಾಡಿಕೊಳ್ಳುತ್ತಿದ್ದ. ಅದು ಮಿಸ್ಟೇಕ್. ಎರಡನೆಯದರಲ್ಲಿ ಒಬ್ಬ ಕೊಡಲಿಯಿಂದ ಕೆಲಸ ಮಾಡುವಾಗ ಕೊಡಲಿಯ ತಲೆ ಕಳಚಿ ಹಾರಿ ಪಕ್ಕದಲ್ಲಿದ್ದವನು ಸಾಯುತ್ತಾನೆ. ಅದು ಆಕ್ಸಿಡೆಂಟ್. ಆದರೆ ಒಂದು ಷರತ್ತಿದೆ: ಕೊಡಲಿ ಹಿಡಿದವನು ತಕ್ಕ ಎಚ್ಚರಿಕೆ ವಹಿಸಿರಬೇಕು. ಸಡಿಲವಾದ ಕೊಡಲಿಯನ್ನು ಹಾಗೇ ಬಳಸಿದವನಿಗೆ ಆಕ್ಸಿಡೆಂಟ್ ಎಂಬ ಪದದ ನೆರಳು ಸಿಗುವುದಿಲ್ಲ. ಕಾನೂನಿನ ಪ್ರಕಾರ ಆ ಪದವನ್ನು ಗಳಿಸಬೇಕು.

ಗಳಿಸದವರಿಗಾಗಿ ಇನ್ನೊಂದು ಜೋಡಿ ಇದೆ. 1870ರಲ್ಲಿ ಸಂಹಿತೆಗೆ ಸೇರಿಸಿದ 304ಎ ಕಲಮು, ಈಗಿನ 106, 'ರ‍್ಯಾಶ್ ಅಥವಾ ನೆಗ್ಲಿಜೆಂಟ್' ಕೃತ್ಯದಿಂದ ಆಗುವ ಸಾವಿನ ಬಗ್ಗೆ ಹೇಳುತ್ತದೆ. 1872ರಲ್ಲಿಯೇ ಮದರಾಸು ಹೈಕೋರ್ಟು ಇವೆರಡರ ವ್ಯತ್ಯಾಸವನ್ನು ಬಿಡಿಸಿ ಹೇಳಿತ್ತು. ಕೆಡುಕಾಗಬಹುದೆಂದು ಗೊತ್ತಿದ್ದೂ, ಆಗಲಿಕ್ಕಿಲ್ಲ ಎಂಬ ಭರವಸೆಯಲ್ಲಿ ಮುನ್ನುಗ್ಗುವುದು ಮೊದಲನೆಯದು. ಗೊತ್ತಿರಬೇಕಾದದ್ದು ಗೊತ್ತೇ ಆಗದ ಹಾಗೆ ಮೈಮರೆತಿರುವುದು ಎರಡನೆಯದು. ತಿರುವಿನಲ್ಲಿ ಎದುರಿಗೆ ಲಾರಿ ಬರಬಹುದೆಂದು ತಿಳಿದೇ ಓವರ್‌ಟೇಕ್ ಮಾಡುವವನು ಒಂದು ಬಗೆ. ಮೊಬೈಲ್ ನೋಡುತ್ತಾ ತಿರುವು ಬಂದದ್ದನ್ನೇ ಕಾಣದವನು ಇನ್ನೊಂದು ಬಗೆ. ನಮ್ಮ ಠಾಣೆಗಳ ಭಾಷೆಯಲ್ಲಿ, ಅಲ್ಲಿಂದ ಪತ್ರಿಕೆಗಳ ಭಾಷೆಯಲ್ಲಿ, ಈ 'ಅಥವಾ' ಕಳೆದುಹೋಗಿ ಎಲ್ಲ ಚಾಲಕರೂ 'ಅತಿವೇಗ ಮತ್ತು ಅಜಾಗರೂಕತೆಯಿಂದ' ಓಡಿಸುವವರೇ ಆಗಿದ್ದಾರೆ. ಎಲ್ಲರಿಗೂ ಒಂದೇ ವಾಕ್ಯ ಅಂಟಿಸಿದ ಮೇಲೆ ಆ ವಾಕ್ಯ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಆ ತಿರುವಿಗೆ ಬೇಕಾದದ್ದು ವೇಗತಡೆಯೋ, ಕನ್ನಡಿಯೋ, ಬೀದಿದೀಪವೋ, ಅಥವಾ ಚಾಲಕನಿಗೆ ರಾತ್ರಿಯ ನಿದ್ದೆಯೋ ಎಂದು ಅದರಿಂದ ತಿಳಿಯುವುದಿಲ್ಲ.

ಕೊನೆಗೆ ಒಂದು ಕಷ್ಟದ ಪ್ರಸಂಗ ಉಳಿಯುತ್ತದೆ. ಎಲ್ಲ ಎಚ್ಚರಿಕೆಯನ್ನೂ ವಹಿಸಿದ ಚಾಲಕ, ಸರಿಯಾದ ವೇಗ, ಸರಿಯಾದ ಬ್ರೇಕು. ಮಗುವೊಂದು ಇದ್ದಕ್ಕಿದ್ದಂತೆ ಗಾಲಿಗೆ ಅಡ್ಡ ಓಡಿ ಬರುತ್ತದೆ. ಬ್ರಿಟನ್ನಿನ ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್, ನೈತಿಕ ಅದೃಷ್ಟದ ಕುರಿತ ತನ್ನ ಪ್ರಸಿದ್ಧ ಬರಹದಲ್ಲಿ ಇಂಥ ಲಾರಿ ಚಾಲಕನ ಬಗ್ಗೆ ಯೋಚಿಸುತ್ತಾನೆ. ಇದು ಶುದ್ಧ ಆಕ್ಸಿಡೆಂಟ್. ಸುತ್ತಲಿನವರು 'ನಿನ್ನ ತಪ್ಪಿಲ್ಲ' ಎಂದು ಸಮಾಧಾನ ಹೇಳುತ್ತಾರೆ, ಹೇಳಬೇಕು ಕೂಡ. ಆದರೆ ಅವನು ಆ ಸಮಾಧಾನವನ್ನು ತಕ್ಷಣ ಒಪ್ಪಿ 'ಹೌದಲ್ಲ, ನನ್ನ ತಪ್ಪಿಲ್ಲ' ಎಂದು ಹೊರಟುಬಿಟ್ಟರೆ ನಮಗೆ ಏನೋ ಇರಿಸುಮುರಿಸಾಗುತ್ತದೆ. ತಪ್ಪಿಲ್ಲದಿದ್ದರೂ ಅವನಿಗೂ ದಾರಿಹೋಕನಿಗೂ ಒಂದು ಅಂತರವಿದೆ: ಗಾಲಿ ಅವನದು. ಪದ ಅವನನ್ನು ಅಪರಾಧದಿಂದ ಬಿಡಿಸಿತು, ನಡೆದದ್ದರ ಜೊತೆಗಿನ ನಂಟಿನಿಂದ ಬಿಡಿಸಲಿಲ್ಲ. ಆ ನಂಟಿನಿಂದಲೇ ಅವನು ಆ ಮನೆಯ ಬಾಗಿಲಿಗೆ ಹೋಗಬೇಕೆಂದುಕೊಳ್ಳುತ್ತಾನೆ, ಏನಾದರೂ ಮಾಡಬೇಕೆಂದುಕೊಳ್ಳುತ್ತಾನೆ.

ಮಿಸ್ಟೇಕ್ ಆಗಲಿ ಆಕ್ಸಿಡೆಂಟ್ ಆಗಲಿ, ಸರಿಯಾದ ಹೆಸರು ಸಾಲವನ್ನು ತೀರಿಸುವುದಿಲ್ಲ. ಅದು ಸಾಲದ ಚೀಟಿಯಲ್ಲಿ ಬರೆಯಬೇಕಾದ ವಿವರ. ಕತ್ತೆ ಕಳೆದುಕೊಂಡವನಿಗೆ ಕತ್ತೆಯ ಬೆಲೆಯನ್ನೂ ಕೊಡಬೇಕು, ಏನಾಯಿತೆಂಬ ನಿಜವನ್ನೂ ಹೇಳಬೇಕು. ಬೆಲೆ ಕೊಟ್ಟು ನಿಜ ಹೇಳದವರು, ನಿಜ ಹೇಳಿದ್ದೇ ಸಾಕೆಂದು ಬೆಲೆ ಕೊಡದವರು, ಇಬ್ಬರೂ ಅರ್ಧ ಕೆಲಸ ಮಾಡಿದವರು. ಮುಂದಿನ ಸಲ ನಾಲಿಗೆಯ ತುದಿಗೆ 'ಬೈ ಮಿಸ್ಟೇಕ್' ಬಂದಾಗ ಒಂದು ಕ್ಷಣ ತಡೆದು, ತಪ್ಪಿದ್ದು ಕೈಯೋ, ಕಣ್ಣೋ, ಲೆಕ್ಕವೋ, ಮನಸ್ಸೋ ಎಂದು ಕೇಳಿಕೊಳ್ಳಬಹುದು. ಅದಕ್ಕೆ ಇಂಗ್ಲಿಷೇ ಬೇಕೆಂದಿಲ್ಲ. ಕೇಳಬೇಕಾದವರು ಎದುರಿಗಿದ್ದಾರೆ ಎಂಬ ನೆನಪಿದ್ದರೆ ಸಾಕು.